ಹುಣಸೆ ಬೀಜ, ಶೂ ಡಬ್ಬಿ, ಒಂದು ಮರದ ಪಟ್ಟಿ: ಸಂಭವನೀಯತೆ ಕಲಿಸಲು ಮಾಡಿದ ಕಿಟ್

ಹತ್ತನೇ ತರಗತಿಯ ಸಂಭವನೀಯತೆ ಪಾಠದಲ್ಲಿ ನಾಣ್ಯ ಬರುತ್ತದೆ, ದಾಳ ಬರುತ್ತದೆ, ಇಸ್ಪೀಟು ಎಲೆ ಬರುತ್ತದೆ. ಮೂರರ ಉತ್ತರವೂ ಎಸೆಯುವ ಮೊದಲೇ ಗೊತ್ತು. ಬೇಕಾದ ಫಲಿತಗಳನ್ನು ಎಣಿಸು, ಒಟ್ಟು ಫಲಿತಗಳಿಂದ ಭಾಗಿಸು, ಅಂಕ ತಗೋ. ಅದೇ ಮಕ್ಕಳ ಕೈಗೆ ಒಂದು ಮಗ್ಗುಲು ಉಜ್ಜಿದ ಹುಣಸೆ ಬೀಜ ಕೊಟ್ಟು, ಬಿಳಿ ಮುಖ ಮೇಲಾಗಿ ಬೀಳುವ ಸಂಭವನೀಯತೆ ಎಷ್ಟು ಅಂತ ಕೇಳಿ ನೋಡಿ. ಎರಡು ಮುಖ ಇದೆಯಲ್ಲ, ಅರ್ಧ ಸಾರ್, ಅನ್ನುತ್ತಾರೆ. ಎಸೆದು ನೋಡಬೇಕು ಅನ್ನುವ ಯೋಚನೆಯೇ ಬರುವುದಿಲ್ಲ. ಯಾವ ಪಠ್ಯಪುಸ್ತಕದ ಹಿಂದಿನ ಪುಟದಲ್ಲೂ ಉತ್ತರ ಇರದ ಒಂದು ವಸ್ತು ನನಗೆ ಬೇಕಿತ್ತು. ಅದಕ್ಕೇ ಈ ಕಿಟ್. ಮಾಡುವ ರೀತಿ, ಎಲ್ಲೆಲ್ಲಿ ಏನೇನು ಬದಲಿಸಬೇಕಾಯಿತು, ಅದರಿಂದ ಯಾವ ಲೆಕ್ಕ ಹುಟ್ಟಿತು, ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಆಟಕ್ಕೆ ಹಿಡಿದದ್ದು ಚೌಕಾಬಾರವನ್ನು, ಬಿದ್ದ ಎಣಿಕೆಯಷ್ಟು ಮನೆ ಕಾಯಿ ನಡೆಸುವ ಆಟ. ಕವಡೆ ಇಲ್ಲದ ಮನೆಗಳಲ್ಲಿ ಹುಣಸೆ ಬೀಜವೇ ಕವಡೆ. ನಾಲ್ಕು ಬೀಜ ಒಟ್ಟಿಗೆ ಹಾಕಬೇಕು. ಒಂದು ಬಿಳಿ ಬಿದ್ದರೆ ಒಂದು, ಎರಡಾದರೆ ಎರಡು, ಮೂರಾದರೆ ಮೂರು, ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ಒಂದೂ ಬಿಳಿ ಇಲ್ಲದೆ ನಾಲ್ಕೂ ಕಂದು ಬಿದ್ದರೆ ಬಾರ, ಅದಕ್ಕೆ ಎಂಟು. ಚೌಕ ಅಥವಾ ಬಾರ ಬಿದ್ದವರಿಗೆ ಇನ್ನೊಂದು ಗರ (ಒಂದು ಸಲ ಹಾಕುವುದೂ ಗರ, ಬಿದ್ದ ಎಣಿಕೆಯೂ ಗರ). ಮೂರು ಸಲ ಒಂದೇ ಸಮ ಬಿದ್ದರೆ ಕೆಲವು ಮನೆಗಳಲ್ಲಿ ಎಲ್ಲ ರದ್ದು. ಆ ನಿಯಮವನ್ನು ನಾನು ಸೇರಿಸಿಲ್ಲ.

ಬೀಜ ಉಜ್ಜುವುದು

ಬೀಜ ಆರಿಸುವಾಗಲೇ ಅರ್ಧ ಕೆಲಸ. ಹುಳ ಹೊಡೆದ ತೂತು ಇರಬಾರದು, ಸಿಪ್ಪೆ ಬಿರುಕು ಬಿಟ್ಟಿರಬಾರದು, ನಾಲ್ಕೂ ಹೆಚ್ಚುಕಡಿಮೆ ಒಂದೇ ಅಳತೆ ಇರಬೇಕು. ನೀರಿನಲ್ಲಿ ಹಾಕಿ ತೇಲಿದ್ದನ್ನು ಬಿಟ್ಟುಬಿಡಿ, ಒಳಗೆ ಪೊಳ್ಳು ಇರುತ್ತದೆ. ಮುಳುಗಿದ್ದನ್ನು ತಕ್ಷಣ ಒರೆಸಿ ಬಿಸಿಲಿಗೆ ಹರಡಿ. ನೆನೆದರೆ ಸಿಪ್ಪೆ ಸುಲಿದುಕೊಂಡು ಬರುತ್ತದೆ.

ಹಿಂದೆಲ್ಲ ಜಗಲಿ ಕಲ್ಲಿನ ಮೇಲೆ ನೀರು ಚಿಮುಕಿಸಿ ಉಜ್ಜುತ್ತಿದ್ದರು. ಒಂದೆರಡು ಬೀಜಕ್ಕೆ ಅದೇ ಸಾಕು. ಇಡೀ ತರಗತಿಗೆ ಆಗುವಷ್ಟು ಬೇಕೆಂದರೆ ಬೆರಳು ಸುಡುತ್ತದೆ, ಉಗುರೂ ಸವೆಯುತ್ತದೆ. ಹಾಗಾಗಿ 80 ನಂಬರಿನ ಸ್ಯಾಂಡ್‌ಪೇಪರನ್ನು ಹಲಗೆಗೆ ಅಂಟಿಸಿ, ಬೀಜವನ್ನು ಐಸ್‌ಕ್ಯಾಂಡಿ ಕಡ್ಡಿಯ ತುದಿಗೆ ಫೆವಿಕಾಲಿನಿಂದ ಕೂರಿಸಿ, ಒಂದು ರಾತ್ರಿ ಒಣಗಲು ಬಿಟ್ಟು, ಕಡ್ಡಿ ಹಿಡಿದು ಉಜ್ಜುವ ಏರ್ಪಾಡು ಮಾಡಿದೆ. ಮೊದಲು ಹೊಳಪು ಹೋಗುತ್ತದೆ, ಆಮೇಲೆ ಕೆಂಪು ಪುಡಿ ಉದುರುತ್ತದೆ, ನಡುವೆ ಬಿಳಿ ಚುಕ್ಕೆಯೊಂದು ಕಾಣಿಸಿಕೊಂಡು ಅಂಚಿನ ಕಡೆಗೆ ಹರಡುತ್ತಾ ಹೋಗುತ್ತದೆ. ಬಿಳುಪು ಅಂಚು ಮುಟ್ಟಿದರೆ ಒಂದು ಹದ. ಅಲ್ಲಿಗೆ ನಿಲ್ಲಿಸದೆ ಬೀಜದ ದಪ್ಪ ಅರ್ಧಕ್ಕೆ ಇಳಿಯುವ ತನಕ ಉಜ್ಜಿದರೆ ಇನ್ನೊಂದು ಹದ. ಒದ್ದೆ ಬಟ್ಟೆ ಸುತ್ತಿಟ್ಟರೆ ಅಂಟು ಮೆತ್ತಗಾಗಿ ಕಡ್ಡಿ ಬಿಟ್ಟುಕೊಳ್ಳುತ್ತದೆ.

ಎರಡೂ ಹದದ ಸೆಟ್ ಮಾಡಿದೆ. ಸಿಪ್ಪೆ ಮಾತ್ರ ತೆಗೆದ ಸೆಟ್ಟಿನ ಕಂದು ಮುಖಕ್ಕೆ ಹಳದಿ ಚುಕ್ಕೆ, ತೆಳುವಾಗುವಷ್ಟು ಉಜ್ಜಿದ್ದಕ್ಕೆ ಕೆಂಪು ಚುಕ್ಕೆ. ಬಿಸಿಯೂಟದ ಅಡುಗೆಯ ಅಮ್ಮ ಕೆಂಪು ಚುಕ್ಕೆಯ ಬೀಜಗಳನ್ನು ಅಂಗೈಯಲ್ಲಿ ಕುಲುಕಿ ನೋಡಿದವರೇ, "ಮೇಷ್ಟ್ರೇ, ಇಷ್ಟು ತೆಳ್ಳಗೆ ಉಜ್ಜಿದ್ರೆ ಬಾರ ಜಾಸ್ತಿ ಬೀಳುತ್ತೆ. ನಮ್ಮತ್ತೆ ಇಂಥ ಬೀಜ ಆಟಕ್ಕೇ ಸೇರಿಸ್ತಿರಲಿಲ್ಲ," ಅಂದರು. ಒಂದು ಗರವನ್ನೂ ಹಾಕದೆ ಹೇಳಿದ ಮಾತು ಅದು, ಆದರೂ ಸರಿ. ಚಪ್ಪಟೆಯಾದಷ್ಟೂ ಬೀಜದ ಭಾರದ ಕೇಂದ್ರ ಆ ಮುಖಕ್ಕೆ ಹತ್ತಿರವಾಗುತ್ತದೆ. ಉಬ್ಬು ಕೆಳಗಾದರೆ ಬೀಜ ತೊನೆಯುತ್ತದೆ, ಚಪ್ಪಟೆ ಕೆಳಗಾದರೆ ಗಟ್ಟಿಯಾಗಿ ಕೂರುತ್ತದೆ. ಬಿಳಿ ಮುಖ ನೆಲಕ್ಕೆ, ಕಂದು ಮೇಲಕ್ಕೆ. ನಾಲ್ಕಕ್ಕೂ ಹಾಗಾದರೆ ಅದೇ ಬಾರ.

ದಾಳವನ್ನೂ ಮರದಲ್ಲಿ ಮಾಡಿಸಿ ಅಂತ ಬಡಗಿಯೊಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ, ಕಾರಣ ಇದೆ. ವೆಲ್ಡನ್ ಎಂಬ ಇಂಗ್ಲೆಂಡಿನ ಜೀವವಿಜ್ಞಾನಿ 12 ದಾಳಗಳನ್ನು 26,306 ಸಲ ಎಸೆದ ಲೆಕ್ಕವನ್ನು 1894ರಲ್ಲಿ ಸಂಖ್ಯಾಶಾಸ್ತ್ರದಲ್ಲಿ ಹೆಸರಾದ ವಿಜ್ಞಾನಿ ಗಾಲ್ಟನ್‌ಗೆ ಬರೆದು ಕಳಿಸಿದ್ದರು. ಒಟ್ಟು 3,15,672 ದಾಳಗಳಲ್ಲಿ ಐದು ಅಥವಾ ಆರು ಬಿದ್ದದ್ದು 1,06,602 ಸಲ. ಮೂರರಲ್ಲೊಂದು, ಅಂದರೆ 0.3333 ಬರಬೇಕಾದ ಕಡೆ 0.3377 ಬಂತು. ಗುಳಿ ಕೊರೆದ ದಾಳದಲ್ಲಿ ಆರರ ಮುಖದಿಂದ ಹೆಚ್ಚು ವಸ್ತು ಹೋಗಿರುತ್ತದೆ, ಎದುರಿನ ಒಂದರ ಮುಖ ಭಾರ ಉಳಿದು ಕೆಳಗಾಗುತ್ತದೆ ಎಂಬುದು ಅದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಕೊರೆದ ದಾಳದ ವಾಲು ಇಷ್ಟು ಸಣ್ಣದು. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಅದು ಮಕ್ಕಳ ಕಣ್ಣಿಗೆ ಬೀಳುವುದಿಲ್ಲ. ಹುಣಸೆ ಬೀಜದ ವಾಲು ಬೀಳುತ್ತದೆ.

ಗರದ ಗೂಡು

ಕೈಯಲ್ಲಿ ಎಸೆಯಲು ಬಿಟ್ಟರೆ ಕೈಚಳಕವೂ ಲೆಕ್ಕಕ್ಕೆ ಬಂದುಬಿಡುತ್ತದೆ. ಚೌಕಾಬಾರದಲ್ಲಿ ಪಳಗಿದ ಮಕ್ಕಳು ಬೀಜವನ್ನು ಅಂಗೈಯಿಂದ ಜಾರಿಸಿ ಬೇಕಾದ ಮುಖ ಕೂರಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ನಮಗೆ ಬೇಕಿರುವುದು ಬೀಜದ ಗುಣ, ಹಾಕುವವರದ್ದಲ್ಲ. ಹಾಗಾಗಿ ಎಸೆಯುವ ಕೆಲಸವನ್ನು ಶೂ ಡಬ್ಬಿಗೆ ವಹಿಸಿದೆ.

ಡಬ್ಬಿಯನ್ನು ಉದ್ದಕ್ಕೆ ನಿಲ್ಲಿಸಿ, ಮೇಲ್ಗಡೆ ಕೈ ಹೋಗುವಷ್ಟು ಕಿಂಡಿ, ಕೆಳಗಡೆ ಮುಂದಕ್ಕೆ ಬಾಯಿ. ಒಳಗೆ ದಪ್ಪ ರಟ್ಟಿನ ಮೂರು ಇಳಿಜಾರು ತಟ್ಟೆಗಳು, ಒಂದು ಎಡಕ್ಕೆ, ಒಂದು ಬಲಕ್ಕೆ, ಮತ್ತೊಂದು ಎಡಕ್ಕೆ. ಬೀಜ ಒಂದರಿಂದ ಇನ್ನೊಂದಕ್ಕೆ ಬಡಿದು, ಉರುಳಿ, ಕೆಳಗಿನ ಬಾಯಿಯಿಂದ ಮುಚ್ಚಳಕ್ಕೆ ಬೀಳುತ್ತದೆ. ಇಳಿಜಾರು ಸುಮಾರು 45 ಡಿಗ್ರಿ ಇರಲಿ. ಅದಕ್ಕಿಂತ ಮಲಗಿಸಿದರೆ ಬೀಜ ಉರುಳುವುದಿಲ್ಲ, ಜಾರುತ್ತದೆ. ಹಾಕಿದ ಮುಖವೇ ಹೊರಗೆ ಬರುತ್ತದೆ. ತಟ್ಟೆಯ ತುದಿಗೂ ಎದುರಿನ ಗೋಡೆಗೂ 4 ಸೆಂ.ಮೀ. ಸಂದು ಬಿಡಬೇಕು. ಅದು ಕಿರಿದಾದರೆ ಎರಡು ಬೀಜ ಒಟ್ಟಿಗೆ ಬಂದು ಸಿಕ್ಕಿಕೊಳ್ಳುತ್ತವೆ.

ಮುಚ್ಚಳದೊಳಗೆ ಏನು ಹಾಸಬೇಕು ಎನ್ನುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಬರಿಯ ರಟ್ಟಿನ ಮೇಲೆ ಬೀಜ ಪುಟಿದು ಆಚೆ ಹಾರುತ್ತದೆ. ಟವೆಲ್ ಹಾಸಿದರೆ ಮಡಿಕೆಗೆ ಒರಗಿ ಓರೆಯಾಗಿ ನಿಲ್ಲುತ್ತದೆ, ಬಿಳಿಯೋ ಕಂದೋ ಎಂಬ ಜಗಳ ಶುರು. ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಬಿಡಿಸಿ ಅಂಟಿಸಿದ್ದು ಸರಿಹೋಯಿತು. ಅಂಚಿಗೆ ಒರಗಿ ನಿಂತ ಬೀಜ ಇದ್ದರೆ ನಾಲ್ಕನ್ನೂ ಮತ್ತೆ ಹಾಕಬೇಕು ಎಂಬ ನಿಯಮವನ್ನು ಡಬ್ಬಿಯ ಮೇಲೇ ಬರೆದಿಟ್ಟೆ. ಒರಗಿದ ಒಂದನ್ನೇ ಮತ್ತೆ ಹಾಕಿದರೂ ಲೆಕ್ಕ ಕೆಡುವುದಿಲ್ಲ, ಆದರೆ ಬೆರಳು ಒಳಗೆ ಹೋದಾಗ ಪಕ್ಕದ ಬೀಜ ಮಗುಚುತ್ತದೆ.

ಅಳೆಯುವುದು

ಹಾಳೆಯಲ್ಲಿ ಎರಡು ಕಂಬಸಾಲು ಬೇಕು: ಬಿಳಿ ಎಷ್ಟು, ಗರ ಎಷ್ಟು. ಬಾರ ಬಿದ್ದಾಗ ಬಿಳಿ ಸೊನ್ನೆ, ಗರ ಎಂಟು. ಎರಡನ್ನೂ ಬೇರೆ ಬೇರೆ ಬರೆಯದಿದ್ದರೆ ಯಾರಾದರೊಬ್ಬರು ಎಂಟನ್ನು ಬಿಳಿಯ ಲೆಕ್ಕಕ್ಕೆ ಕೂಡಿಸಿಬಿಡುತ್ತಾರೆ. ನಾಲ್ಕು ಬೀಜವನ್ನು ನೂರು ಸಲ ಹಾಕಿದರೆ ಒಟ್ಟು 400 ಬೀಜ ಬಿದ್ದಂತೆ. ಬಿಳಿಗಳ ಮೊತ್ತವನ್ನು 400ರಿಂದ ಭಾಗಿಸಿದರೆ ಒಂದು ಬೀಜ ಬಿಳಿ ಬೀಳುವ ಸಂಭವನೀಯತೆಯ ಅಂದಾಜು. ಅದನ್ನು ‘ಬ’ ಎಂದು ಕರೆಯೋಣ, ಕಂದಿನದ್ದನ್ನು ‘ಕ’. ಎರಡೂ ಕೂಡಿದರೆ 1.

ಅಂದಾಜು ಎಷ್ಟು ಗಟ್ಟಿ ಎಂದು ಮಕ್ಕಳು ಕೇಳಲೇಬೇಕು, ಕೇಳದಿದ್ದರೆ ನಾವೇ ಕೇಳಬೇಕು. ನಿಜವಾಗಿಯೂ ಅರ್ಧರ್ಧ ಇರುವ ಬೀಜವಾದರೂ 400ರಲ್ಲಿ 200 ಬಿಳಿ ಕರಾರುವಾಕ್ಕಾಗಿ ಬರುವುದಿಲ್ಲ. 180ರಿಂದ 220ರ ನಡುವೆ ನೂರಕ್ಕೆ 95ರಷ್ಟು ಸಲ ಬರುತ್ತದೆ. ಅದರ ಸೂತ್ರ ಮುಂದಿನ ತರಗತಿಗಳಿಗೆ ಸೇರಿದ್ದು. ಇಲ್ಲಿ ಈ ಗಡಿ ನೆನಪಿಟ್ಟರೆ ಸಾಕು. ಹಳದಿ ಸೆಟ್ಟು ಈ ಗಡಿಯೊಳಗೇ ಉಳಿಯಿತು. ಕೆಂಪು ಸೆಟ್ಟು ಗಡಿ ದಾಟಿ ತೀರಾ ಕೆಳಗೆ, 0.3ರ ಸುತ್ತಮುತ್ತ ನಿಂತಿತು. ಅಡುಗೆಯ ಅಮ್ಮ ಕುಲುಕಿ ಹೇಳಿದ್ದು ಹಾಳೆಯ ಮೇಲೂ ಬಂತು.

ಐದು ಗರ, ಐದರಿಂದ ಭಾಗಿಸಿದರೆ?

ಹಳದಿ ಸೆಟ್ಟು ಹಿಡಿದು ಕೇಳಿದ ಪ್ರಶ್ನೆ ಇದು: ತುಂಬಾ ಸಲ ಹಾಕಿದರೆ ಒಂದು ಗರಕ್ಕೆ ಸರಾಸರಿ ಎಷ್ಟು ಮನೆ ನಡೆಯಬಹುದು? "ಒಂದು, ಎರಡು, ಮೂರು, ನಾಲ್ಕು, ಎಂಟು. ಕೂಡಿದ್ರೆ ಹದಿನೆಂಟು ಸಾರ್, ಐದರಿಂದ ಭಾಗಿಸಿದ್ರೆ 3.6." ಎಲ್ಲ ಗುಂಪಿನ ಉತ್ತರವೂ ಅದೇ.

ಇದು ದೊಡ್ಡವರೂ ಬಿದ್ದ ಹಳ್ಳ. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ತಲೆ ಬೀಳುವ ಸಂಭವನೀಯತೆ 2/3 ಎಂದು ಫ್ರಾನ್ಸಿನ ದೊಡ್ಡ ಗಣಿತಜ್ಞ ದಲಾಂಬೇರ್ 1754ರಲ್ಲಿ ಬರೆದರು. ಮೊದಲ ಸಲವೇ ತಲೆ, ಎರಡನೇ ಸಲ ತಲೆ, ಎರಡೂ ಸಲ ಹೂ, ಹೀಗೆ ಮೂರೇ ಫಲಿತ ಎಂದು ಎಣಿಸಿದರು. ಮೂರಕ್ಕೂ ಸಮಾನ ಸಾಧ್ಯತೆ ಇಲ್ಲ. ಸರಿಯಾದ ಉತ್ತರ 3/4.

ಬೀಜಗಳಿಗೆ ಹೆಸರಿಟ್ಟು ಎಣಿಸಲು ಹೇಳಿದೆ. ನಾಲ್ಕು ಬೀಜ, ಪ್ರತಿಯೊಂದಕ್ಕೂ ಎರಡು ಮುಖ, ಒಟ್ಟು 16 ರೀತಿ. ಒಂದು ಬಿಳಿ ಬರುವುದು 4 ರೀತಿಯಲ್ಲಿ, ಎರಡು ಬಿಳಿ 6 ರೀತಿಯಲ್ಲಿ, ಮೂರು ಬಿಳಿ 4 ರೀತಿಯಲ್ಲಿ. ಚೌಕಕ್ಕೆ ಒಂದೇ ದಾರಿ, ಬಾರಕ್ಕೂ ಒಂದೇ. ಈಗ ಕೂಡಿ: 4×1 + 6×2 + 4×3 + 1×4 + 1×8 = 40. ಅದನ್ನು 16ರಿಂದ ಭಾಗಿಸಿದರೆ 2.5. ಇದೇ ನಿರೀಕ್ಷಿತ ಮೌಲ್ಯ. ಎರಡೂವರೆ ಎಂಬ ಗರ ಯಾವತ್ತೂ ಬೀಳುವುದಿಲ್ಲ, ಆದರೂ ಆಟ ಉದ್ದವಾದಷ್ಟೂ ಸರಾಸರಿ ಅದರ ಹತ್ತಿರವೇ ಸುಳಿಯುತ್ತದೆ.

ಚೌಕ, ಬಾರಕ್ಕೆ ಸಿಗುವ ಮರುಗರವನ್ನೂ ಸೇರಿಸಿ ಒಂದು ಸರದಿಗೆ ಎಷ್ಟು ಎಂದು ಚುರುಕಿನ ಮಕ್ಕಳಿಗೆ ಬಿಡಿ. ಸರದಿಯ ಮೌಲ್ಯ ‘ಸ’ ಎಂದರೆ, ಸ = 2.5 + ಸ/8; ಯಾಕೆಂದರೆ 16ರಲ್ಲಿ 2 ಸಲ ಸರದಿ ಮತ್ತೆ ಮೊದಲಿಂದ ಶುರುವಾಗುತ್ತದೆ. ಸ = 20/7, ಸುಮಾರು 2.86.

ತೂಗುಪಟ್ಟಿ

ಕಿಟ್ಟಿನಲ್ಲಿ ನನಗೆ ಅತ್ಯಂತ ಇಷ್ಟದ ಸಾಮಾನು ಇದು. ನಿರೀಕ್ಷಿತ ಮೌಲ್ಯವೆಂದರೆ ತೂಕ ಸರಿಹೋಗುವ ಜಾಗ. ಅದನ್ನು ಬಾಯಲ್ಲಿ ಹೇಳುವುದಕ್ಕಿಂತ ತೂಗಿಹಾಕಿ ತೋರಿಸಬಹುದು.

ಅರ್ಧ ಮೀಟರ್ ಉದ್ದದ, ತೆಳುವಾದ ನೇರ ಮರದ ಪಟ್ಟಿ. ಅದು ತನ್ನಷ್ಟಕ್ಕೆ ಸಮವಾಗಿ ನಿಲ್ಲುವ ಬಿಂದು ಹುಡುಕಿ ಅಲ್ಲಿ ತೂತು ಕೊರೆದು ದಾರ ಕಟ್ಟಿ. ತೂತು ಪಟ್ಟಿಯ ಮೇಲಂಚಿಗೆ ಹತ್ತಿರ ಇರಲಿ, ನಡುವಿನಲ್ಲಿದ್ದರೆ ಪಟ್ಟಿ ಎಲ್ಲೆಂದರಲ್ಲಿ ನಿಂತುಬಿಡುತ್ತದೆ. ದಾರ ಕಟ್ಟಿದ ಜಾಗವೇ 2.5. ಒಂದು ಮನೆಗೆ 4 ಸೆಂ.ಮೀ. ಲೆಕ್ಕದಲ್ಲಿ ಗುರುತು ಹಾಕಿ: ದಾರದಿಂದ ಎಡಕ್ಕೆ 2 ಸೆಂ.ಮೀ.ಗೆ ಎರಡು, 6 ಸೆಂ.ಮೀ.ಗೆ ಒಂದು, ಬಲಕ್ಕೆ 2 ಸೆಂ.ಮೀ.ಗೆ ಮೂರು, 6ಕ್ಕೆ ನಾಲ್ಕು, 22ಕ್ಕೆ ಎಂಟು. ಪ್ರತಿ ಗುರುತಿನಲ್ಲೂ ಸಣ್ಣ ತೂತು, ಅದರಲ್ಲಿ ಬಗ್ಗಿಸಿದ ಜೆಮ್ ಕ್ಲಿಪ್ಪಿನ ಕೊಕ್ಕೆ. ಐದು ಕೊಕ್ಕೆಯ ತೂಕವೇ ಪಟ್ಟಿಯನ್ನು ಬಲಕ್ಕೆ ಎಳೆಯುತ್ತದೆ, ಹಾಗಾಗಿ ಎಡ ತುದಿಗೆ ಸ್ವಲ್ಪ ಮೇಣ ಅಂಟಿಸಿ ಸರಿಮಾಡಿಕೊಳ್ಳಿ. ತೂಕಕ್ಕೆ ಹಾರ್ಡ್‌ವೇರ್ ಅಂಗಡಿಯ ಒಂದೇ ಅಳತೆಯ ವಾಷರ್. ಹುಣಸೆ ಬೀಜ ಬೇಡ, ಒಂದರಷ್ಟು ಇನ್ನೊಂದು ತೂಗುವುದಿಲ್ಲ.

ಒಂದಕ್ಕೆ 4, ಎರಡಕ್ಕೆ 6, ಮೂರಕ್ಕೆ 4, ನಾಲ್ಕಕ್ಕೆ 1, ಎಂಟಕ್ಕೆ 1 ವಾಷರ್ ಹಾಕಿ ಕೈ ಬಿಟ್ಟರೆ ಪಟ್ಟಿ ಸಮ ನಿಲ್ಲುತ್ತದೆ. ಎಡಗಡೆ ಹತ್ತು ವಾಷರ್, ಬಲಗಡೆ ಆರೇ! ಎಂಟರ ಕೊಕ್ಕೆಯಿಂದ ಆ ಒಂದನ್ನು ತೆಗೆದು ನೋಡಿ, ಎಡ ತುದಿ ಧಡಕ್ಕನೆ ಇಳಿಯುತ್ತದೆ. ಅಪರೂಪಕ್ಕೆ ಬೀಳುವ ಬಾರ ಸರಾಸರಿಯನ್ನು ಎಷ್ಟು ಎಳೆಯುತ್ತದೆ ಎನ್ನುವುದು ಆ ಒಂದು ವಾಷರಿನಲ್ಲೇ ಕಾಣುತ್ತದೆ.

ಆಮೇಲೆ ಪ್ರತಿ ಗುಂಪೂ 16 ಗರ ಹಾಕಿ, ತಮಗೆ ಬಿದ್ದದ್ದನ್ನೇ ತೂಗಿಹಾಕಬೇಕು. ಒಬ್ಬರದು ಎಡಕ್ಕೆ ವಾಲುತ್ತದೆ, ಇನ್ನೊಬ್ಬರದು ಬಲಕ್ಕೆ. ಬಾರವೇ ಬೀಳದ ಗುಂಪಿನವರು ಬೀಜ ಸರಿಯಿಲ್ಲ ಎಂದು ತಕರಾರು ತೆಗೆಯುತ್ತಾರೆ. ಆಗ ಕೊಡಬೇಕಾದ ಲೆಕ್ಕ ಇದು: 16ರಲ್ಲಿ ಒಂದು ಸಲ ಎಂದರೆ 16 ಗರದಲ್ಲಿ ಒಂದು ಬಂದೇ ಬರಬೇಕೆಂದಲ್ಲ. ಒಂದೂ ಬಾರದಿರುವ ಸಂಭವನೀಯತೆ 15/16ನ್ನು 16 ಸಲ ಗುಣಿಸಿದಷ್ಟು, ಸುಮಾರು 0.36. ಮೂರು ಗುಂಪಿದ್ದರೆ ಒಂದಕ್ಕೆ ಹೀಗಾಗುವುದು ಮಾಮೂಲು. ಎಲ್ಲ ಗುಂಪಿನ ಹಾಳೆ ಒಟ್ಟು ಸೇರಿಸಿ ಸರಾಸರಿ ತೆಗೆದರೆ 2.5ರ ಹತ್ತಿರ ಬರುವುದನ್ನು ಅವರೇ ನೋಡುತ್ತಾರೆ.

ಕಡಲೆಬೀಜದ ಅಂಗಡಿ

ಮಕ್ಕಳ ಸಂತೆಗೆ ಒಂದು ಆಟದ ಅಂಗಡಿ ಹೂಡೋಣ ಎಂದು ಮಕ್ಕಳೇ ಹೊರಟರು. ದುಡ್ಡು ಬೇಡ ಎಂದು ನಾನು ಮೊದಲೇ ಹೇಳಿದ್ದೆ. ಆಡುವವರು ಮೂರು ಹುರಿದ ಕಡಲೆಬೀಜ ಕೊಟ್ಟು ಒಂದು ಗರ ಹಾಕಬೇಕು, ಬಿದ್ದಷ್ಟು ಕಡಲೆಬೀಜ ಅವರಿಗೆ. ಮರುಗರ ಇಲ್ಲ. 3.6ರ ಲೆಕ್ಕ ನಂಬಿದ್ದರೆ ಅಂಗಡಿಗೆ ನಷ್ಟ ಎಂದು ಹೆದರಬೇಕಿತ್ತು, 2.5 ಗೊತ್ತಿದ್ದವರಿಗೆ ಗರಕ್ಕೆ ಅರ್ಧ ಕಡಲೆಬೀಜ ಉಳಿಯುತ್ತದೆ ಎಂದು ಗೊತ್ತು. ನಿರೀಕ್ಷಿತ ಮೌಲ್ಯ ಗಣಿತದೊಳಗೆ ಬಂದದ್ದೂ ಈ ಬಾಗಿಲಿನಿಂದಲೇ. ಒಂದು ಆಟಕ್ಕೆ ಸೇರಲು ಎಷ್ಟು ಕೊಟ್ಟರೆ ನ್ಯಾಯ ಎಂಬ ಪ್ರಶ್ನೆಯನ್ನು ಹಿಡಿದೇ ಹಾಲೆಂಡಿನ ಹೈಗೆನ್ಸ್ 1657ರಲ್ಲಿ ದಾಳದಾಟದ ಲೆಕ್ಕ ಬರೆದು ಅಚ್ಚುಹಾಕಿಸಿದರು.

ಒಂದು ಗುಂಪು ಕೆಂಪು ಸೆಟ್ಟನ್ನು ಆರಿಸಿಕೊಂಡಿತು. ಬಿಳಿ ಕಡಿಮೆ ಬೀಳುತ್ತದೆ, ಗರ ಸಣ್ಣದಾಗುತ್ತದೆ, ಅಂಗಡಿಗೆ ಲಾಭ ಜಾಸ್ತಿ ಎಂಬುದು ಅವರ ವಾದ. ಇಲ್ಲಿ ಸೂತ್ರ ಬರೆಯಬೇಕಾಯಿತು. ಸರಾಸರಿ ಬಿಳಿಗಳು 4ಬ. ನಾಲ್ಕೂ ಕಂದು ಬೀಳುವ ಸಂಭವನೀಯತೆ ಕ⁴, ಅದಕ್ಕೆ ಎಂಟು ಮನೆ. ಹಾಗಾಗಿ ನಿರೀಕ್ಷಿತ ಗರ = 4ಬ + 8ಕ⁴. ಇಷ್ಟೇ. ಬ ಬದಲಿಸುತ್ತಾ ಹೋಗಿ: 0.3ಕ್ಕೆ 3.12, 0.4ಕ್ಕೆ 2.64, 0.5ಕ್ಕೆ 2.50, 0.6ಕ್ಕೆ 2.60, 0.7ಕ್ಕೆ 2.86. ಕೆಂಪು ಸೆಟ್ಟು ಇಟ್ಟ ಅಂಗಡಿ ಪ್ರತಿ ಗರಕ್ಕೂ ಕೈಯಿಂದ ಕೊಡುತ್ತದೆ. ಬಿಳಿ ಕಡಿಮೆಯಾದದ್ದಕ್ಕಿಂತ ಬಾರ ಹೆಚ್ಚಾದದ್ದೇ ಮುಂದಾಯಿತು.

ಗ್ರಾಫ್ ಹಾಳೆಯಲ್ಲಿ ಎಳೆದಾಗ ಕಾಣುವ ಬಟ್ಟಲಿನ ತಳ ಸರಿಯಾಗಿ ಅರ್ಧದಲ್ಲೇ ಕೂತಿದೆ. ಅದು ಕಾಕತಾಳೀಯವಲ್ಲ, ಹತ್ತನೇ ತರಗತಿಯ ಬೀಜಗಣಿತದಲ್ಲೇ ಸಾಧಿಸಬಹುದು. ಬ = ½ + ವ, ಕ = ½ − ವ ಎಂದು ಇಟ್ಟು ಬಿಡಿಸಿ. 4ಬದಿಂದ 2 + 4ವ ಬರುತ್ತದೆ. 8ಕ⁴ದಿಂದ 0.5 − 4ವ + 12ವ² − 16ವ³ + 8ವ⁴. ಕೂಡಿದಾಗ 4ವ ಎರಡೂ ಕಡೆಯದು ಹೊಡೆದುಹೋಗಿ ಉಳಿಯುವುದು 2.5 + 4ವ²(3 − 4ವ + 2ವ²). ಆವರಣದೊಳಗಿನ ವರ್ಗೋಕ್ತಿಯ ಶೋಧಕ 16 − 24, ಅಂದರೆ −8. ಋಣ. ಹಾಗಾಗಿ ಆವರಣ ಎಲ್ಲೂ ಸೊನ್ನೆಯಾಗುವುದಿಲ್ಲ, ಯಾವಾಗಲೂ ಧನ, ಸರಾಸರಿ 2.5ಕ್ಕಿಂತ ಕೆಳಗಿಳಿಯುವುದೇ ಇಲ್ಲ. ಶೋಧಕ ಯಾಕೆ ಕಲಿಯಬೇಕು ಎಂದು ಕೇಳುವ ಮಕ್ಕಳಿಗೆ ಇದನ್ನು ತೋರಿಸುವಾಗ ನನಗೆ ನಿಜವಾಗಿ ಸಂತೋಷವಾಯಿತು.

ನಾಲ್ಕೂ ಬೀಜ ಒಂದೇ ಥರ ಇದ್ದರೆ ಮಾತ್ರ ಇದು ನಿಜ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಸಾರ್, ಮೂರು ಹಳದಿ, ಒಂದು ಕೆಂಪು ಹಾಕಿದ್ರೆ?" ಎಂದು ಕೇಳಿದಳು. ಬಿಡಿಸಿ ನೋಡಿದೆವು. ಮೂರು ಬೀಜ ಅರ್ಧರ್ಧ, ನಾಲ್ಕನೆಯದು ಬ: ಬಿಳಿಗಳ ಸರಾಸರಿ 1.5 + ಬ, ಬಾರದಿಂದ 8 × ⅛ × (1 − ಬ). ಕೂಡಿದರೆ ಬ ಮಾಯ, ಉಳಿದದ್ದು 2.5. ನಾಲ್ಕನೇ ಬೀಜ ಹೇಗಿದ್ದರೂ ಸರಾಸರಿ ಒಂದು ಕೂದಲೆಳೆಯೂ ಅಲುಗುವುದಿಲ್ಲ.

2.5ಕ್ಕಿಂತ ಕೆಳಗಿಳಿಸುವ ದಾರಿಯೂ ಅದೇ ಪ್ರಶ್ನೆಯಿಂದ ಸಿಕ್ಕಿತು. ಕೆಂಪು ಸೆಟ್ಟಿನ ಎರಡು ಬೀಜಕ್ಕೆ ಬಣ್ಣ ಅದಲುಬದಲು ಮಾಡಿ, ಉಬ್ಬಿಗೆ ಬಿಳಿ ಪೇಂಟ್, ಚಪ್ಪಟೆಗೆ ಕಂದು ಪೇಂಟ್ ಬಳಿದರೆ ಅವುಗಳ ಬ 0.7 ಆಗುತ್ತದೆ. ಎರಡು 0.3, ಎರಡು 0.7 ಸೇರಿಸಿದರೆ ಬಿಳಿಗಳ ಸರಾಸರಿ 2. ಬಾರದ ಪಾಲು 8 × 0.7 × 0.7 × 0.3 × 0.3, ಸುಮಾರು 0.35. ಒಟ್ಟು 2.35. ಪೇಂಟಿನ ಪದರ ತೆಳ್ಳಗಿರಬೇಕು, ದಪ್ಪ ಬಳಿದರೆ ಬೀಜದ ತೂಕವೇ ಬದಲಾಗುತ್ತದೆ. ಆ ನಾಲ್ಕಕ್ಕೆ ಹಸಿರು ಚುಕ್ಕೆ ಇಟ್ಟು ಗೂಡಿಗೆ ಹಾಕಲು ಕೊಟ್ಟಿದ್ದೇನೆ. ಪೇಂಟ್ ಬಳಿದ ಮೇಲೂ ಬ 0.7ರಲ್ಲೇ ಇದೆಯೇ ಎಂದು ಒಂದೊಂದೇ ಬೀಜವನ್ನು 400 ಸಲ ಹಾಕಿ ಮೊದಲು ಅಳೆಯಬೇಕು; ನಾಲ್ಕನ್ನೂ ಕೂಡಿಸಿ ಹಾಕುವುದು ಅದಾದ ಮೇಲೆ.